ಕತ್ತರಿಸಿ ಕೂಡಿಸಿದ ಮುಖಗಳು: ಧಾರವಾಡ ಸೀಮೆಯಿಂದ ಕಂಡ ಫೋಟೋ ಕೊಲಾಜಿನ ಚರಿತ್ರೆ

ನವಲಗುಂದ, ಕುಂದಗೋಳ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ, ತೊಲೆಯ ಕೆಳಗೆ, ಗೋಡೆಯಿಂದ ತುಸು ಮುಂದಕ್ಕೆ ಬಾಗಿದ ಗಾಜಿನ ಕಟ್ಟೊಂದು ಇದ್ದೇ ಇರುತ್ತದೆ. ಒಂದೇ ಗಾಜಿನಡಿ ಹತ್ತೆಂಟು ಫೋಟೋ: ಜಾತ್ರೆಯಲ್ಲಿ ತೆಗೆಸಿದ್ದು, ಬ್ಯಾಂಕಿನ ಸಾಲಕ್ಕೆಂದು ತೆಗೆಸಿದ್ದು, ಗುಂಪಿನ ಚಿತ್ರದಿಂದ ಕತ್ತರಿಸಿ ತೆಗೆದ ಮುತ್ಯಾನ ಮುಖ. ಆ ಮುತ್ಯಾನ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಉಳಿದಿರುತ್ತವೆ; ಬೆರಳಿನ ಒಡೆಯ ಕತ್ತರಿಯ ಆಚೆ ಹೋಗಿರುತ್ತಾನೆ. ಇನ್ನೊಂದರಲ್ಲಿ ಜತೆಯಾಗಿ ಎಂದೂ ಕ್ಯಾಮೆರಾ ಮುಂದೆ ಕೂಡದ ಗಂಡ ಹೆಂಡತಿ. ಹೆಂಡತಿ ತೀರಿಕೊಂಡ ಮೇಲೆ ಸ್ಟುಡಿಯೋದವನು ಎರಡು ಚಿತ್ರ ಜೋಡಿಸಿ, ಅವನಿಗೊಂದು ಕೋಟು, ಅವಳಿಗೊಂದು ಸೆರಗಿನ ಅಂಚು ಬರೆದು, ಬೆಸುಗೆಯ ಗೆರೆಯನ್ನು ಬಣ್ಣದಿಂದ ಮುಚ್ಚಿದ್ದಾನೆ. ಓರೆ ಬೆಳಕು ಬಿದ್ದರೆ ಗೆರೆ ಕಾಣುತ್ತದೆ.

ಕಲಾಚರಿತ್ರೆಕಾರರು ಇದನ್ನು ಕೊಲಾಜ್ ಎಂದು ಕರೆಯುವುದು ಕಡಿಮೆ. ನನ್ನ ವಾದ ಇಷ್ಟೇ: ಫೋಟೋ ಕೊಲಾಜ್ ಮನೆಯ ಗೋಡೆಯಿಂದ ಗ್ಯಾಲರಿಗೆ ಹತ್ತಿಹೋದ ವಿದ್ಯೆ.

ಇದಕ್ಕೆ ಸಾಕ್ಷಿ ಬರ್ಲಿನ್ನಿನ ದಾದಾ ಕಲಾವಿದರೇ. 1918ರಲ್ಲಿ ಹನ್ನಾ ಹೋಖ್ ಮತ್ತು ರಾವುಲ್ ಹೌಸ್‌ಮನ್ ಬಾಲ್ಟಿಕ್ ಕಡಲ ದಂಡೆಯ ಹಳ್ಳಿಯೊಂದಕ್ಕೆ ಹೋದರು. ಅಲ್ಲಿನ ಮನೆಗಳ ಗೋಡೆಯಲ್ಲಿ ಅಚ್ಚಿನ ಸಿಪಾಯಿ ಚಿತ್ರಗಳು. ಸಮವಸ್ತ್ರ ಎಲ್ಲರಿಗೂ ಒಂದೇ, ಮೇಲಿನ ತಲೆ ಮಾತ್ರ ಆಯಾ ಮನೆಯ ಮಗನ ಫೋಟೋದಿಂದ ಕತ್ತರಿಸಿ ಅಂಟಿಸಿದ್ದು. ಫೋಟೋ ಕತ್ತರಿಸಿ ಕೂಡಿಸುವ ಫೋಟೋಮಾಂಟಾಜಿನ ಯೋಚನೆ ಹೊಳೆದದ್ದು ಅಲ್ಲಿ ಎಂದು ಅವರೇ ಹೇಳಿಕೊಂಡಿದ್ದಾರೆ. (ಜಾರ್ಜ್ ಗ್ರಾಸ್, ಜಾನ್ ಹಾರ್ಟ್‌ಫೀಲ್ಡ್ ತಾವು 1916ರಲ್ಲೇ ಮಾಡಿದ್ದೆವು ಎಂದರು, ಆ ಜಗಳ ನಮಗೆ ಬೇಡ.) ಮುಂದೆ 1919-20ರಲ್ಲಿ ಹೋಖ್, ಅಡುಗೆಮನೆಯ ಚಾಕುವನ್ನು ಹೆಸರಿನಲ್ಲೇ ಇಟ್ಟುಕೊಂಡ ದೊಡ್ಡ ಕೊಲಾಜ್ ಮಾಡಿದಳು. ಸೋತ ಜರ್ಮನಿಯ ಮಂತ್ರಿಗಳು, ಯಂತ್ರದ ಗಾಲಿಗಳು, ಕುಣಿಯುವವರು ಎಲ್ಲರೂ ಅದರಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ. 1916ರಿಂದ ಹತ್ತು ವರ್ಷ ಆಕೆಯ ಹೊಟ್ಟೆಪಾಡಿನ ಕೆಲಸ, ಉಲ್‌ಸ್ಟೈನ್ ಪ್ರಕಾಶನದ ಮಹಿಳಾ ಪತ್ರಿಕೆಗಳಿಗೆ ಕಸೂತಿ, ಹೆಣಿಗೆಯ ನಮೂನೆ ಬರೆಯುವುದು.

ಕಸೂತಿಯ ನಮೂನೆ ಬರೆದ ಕೈಯೇ ಕೊಲಾಜ್ ಮಾಡಿದ್ದು ಕಸೂತಿಯ ನಾಡಿನವರಿಗೆ ಅಚ್ಚರಿಯಾಗಬೇಕಿಲ್ಲ. ಹರಿದ ಸೀರೆ, ಸವೆದ ಧೋತರ, ಸತ್ತವರ ಅಂಗಿ ಎಲ್ಲವೂ ನಮ್ಮ ಕೌದಿಯಲ್ಲಿ ಒಂದೇ ದಾರಕ್ಕೆ ಸಿಗುತ್ತವೆ. ಉತ್ತರ ಕನ್ನಡದ ಜತೆಗೆ ಧಾರವಾಡ ಜಿಲ್ಲೆಯ ಕಲಘಟಗಿ ಕಡೆಗೂ ಇರುವ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ‘ಹೂ’ ಇಡದೆ ಕೌದಿ ಮುಗಿಯಿತು ಅನ್ನುವುದಿಲ್ಲ.

ಆದರೆ ಕ್ಯಾಮೆರಾ ಈ ಸೀಮೆಗೆ ಬಂದದ್ದು ಕೂಡಿಸುವುದಕ್ಕಲ್ಲ, ದಾಖಲೆಗೆ. ಬಾಂಬೆ ಸರಕಾರ 1855ರಲ್ಲಿ ಕ್ಯಾಪ್ಟನ್ ಬಿಗ್ಸ್‌ನನ್ನು ಗುಡಿಗಳ ಫೋಟೋ ತೆಗೆಯಲು ನೇಮಿಸಿತು; ಆಮೇಲೆ ವೈದ್ಯ ಪಿಗೌ ಬಂದ. ಅವರಿಬ್ಬರ ಮತ್ತು ನೀಲ್ ಎಂಬ ಇನ್ನೊಬ್ಬ ಫೋಟೋಗ್ರಾಫರನ ಚಿತ್ರಗಳಿಂದ ಮೆಡೋಸ್ ಟೇಲರ್, ಜೇಮ್ಸ್ ಫರ್ಗುಸನ್ ಇಬ್ಬರ ಬರಹದೊಂದಿಗೆ ‘ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ’ ಎಂಬ ಇಂಗ್ಲಿಷ್ ಪುಸ್ತಕ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ನಾಯಕರು ಕಲ್ಲುಗಳು. ಮನುಷ್ಯರ ಸರದಿ 1868ರಿಂದ 1875ರವರೆಗೆ ಬಂದ ‘ದ ಪೀಪಲ್ ಆಫ್ ಇಂಡಿಯಾ’ದ ಎಂಟು ಸಂಪುಟಗಳಲ್ಲಿ, ಅಲ್ಲಿ ಅವರು ಜಾತಿಯ ಮಾದರಿಗಳು. 1876-78ರ ಬರದಲ್ಲಿ ವಿಲ್ಲೋಬಿ ಹೂಪರ್ ಮದ್ರಾಸ್ ಪ್ರಾಂತದ ಎಲುಬಿನ ಗೂಡುಗಳನ್ನು ಸಾಲಾಗಿ ಕೂರಿಸಿ ತೆಗೆದ. ಅದೇ ಬರ ಧಾರವಾಡವನ್ನೂ ಹಿಂಡಿತ್ತು.

ಈ ಅಳೆಯುವ ಕಣ್ಣಿಗೆ ತಿರುಗಿ ನಿಂತು ಉತ್ತರ ಕೊಟ್ಟವರು ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. ಬರೋಡಾದಲ್ಲಿ ಶಿಲ್ಪ ಕಲಿತ ಅವರು 1990ರ ದಶಕದ ನಡುವೆ ತಮ್ಮ ಮೈಯನ್ನೇ ಮಣ್ಣಾಗಿ ಬಳಸತೊಡಗಿದರು. ‘ಫ್ಯಾಂಟಮ್ ಲೇಡಿ’ಯಲ್ಲಿ (1996-98) ಮುಖವಾಡದ ನಾಯಕಿಯೂ ಅವರೇ, ಕೆಟ್ಟ ದಾರಿ ಹಿಡಿದ ಅವಳಿಯೂ ಅವರೇ. 1998ರ ‘ಸುನೆಹರೆ ಸಪ್ನೆ’ಯಲ್ಲಿ ಒಬ್ಬ ಗೃಹಿಣಿ, ಅವಳೊಳಗಿನ ಇನ್ನೊಬ್ಬಳು, ಕಪ್ಪುಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ಹಾಕಿದ್ದಾರೆ, ಥೇಟ್ ನಮ್ಮ ಊರ ಸ್ಟುಡಿಯೋದ ಹಾಗೆ. ಮನಸ್ಸು ಎರಡಾಗಿರುವುದನ್ನು ಹೇಳಲು ಅವರಿಗೆ ಮಸುಕು ನೆರಳು ಬೇಕಾಗಲಿಲ್ಲ, ಡಬಲ್ ರೋಲ್ ಸಾಕಾಯಿತು.

ಫೋಟೋಗ್ರಾಫರ್ ಕ್ಲೇರ್ ಆರ್ನಿ ಜತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಇನ್ನೂ ತೀಕ್ಷ್ಣ. ರವಿವರ್ಮನ ಲಕ್ಷ್ಮಿ, ಬಿಜಾಪುರದ ಚಿತ್ರಕಾರ ಬರೆದ ಯೋಗಿನಿ, ಪತ್ರಿಕೆಯಲ್ಲಿ ಬಂದಿದ್ದ, ಪೊಲೀಸರು ಹಿಡಿದು ನಿಲ್ಲಿಸಿದ ಹೆಂಗಸರು: ಎಲ್ಲ ವೇಷವನ್ನೂ ತಾವೇ ತೊಟ್ಟರು. ತೋಡ ಬುಡಕಟ್ಟಿನ ಹೆಂಗಸಿನ ಚಿತ್ರದಲ್ಲಿ ಹಿಂದಿನ ಪರದೆ ಚದುರಂಗದ ಹಾಸಿನಂತೆ ಚೌಕಚೌಕ. ಗುಲಾಮ ನಾಡುಗಳ ಜನರ ಅಳತೆ ತೆಗೆಯಲು ಲ್ಯಾಂಪ್ರಿ ಎಂಬವನು 1869ರಲ್ಲಿ ಸೂಚಿಸಿದ ಚೌಕದ ಜಾಲರಿಯ ಸಂತತಿ ಅದು. ಕತ್ತರಿ ಗೋಂದು ಇಲ್ಲದಿದ್ದರೂ ಇದನ್ನು ನಾನು ಕೊಲಾಜ್ ಎಂದೇ ಓದುತ್ತೇನೆ. ಬಾಲ್ಟಿಕ್ ಸಿಪಾಯಿಯಂತೆ ಇಲ್ಲಿಯೂ ದೇಹ ಮೊದಲೇ ಸಿದ್ಧ, ತಲೆ ಮಾತ್ರ ಬೇರೆ. ವ್ಯತ್ಯಾಸವೆಂದರೆ ಸ್ಟುಡಿಯೋದವನು ಬೆಸುಗೆಯನ್ನು ಮುಚ್ಚುತ್ತಾನೆ, ಇವರು ಅದು ಕಾಣಲೆಂದೇ ಬಿಡುತ್ತಾರೆ.

ಹಳ್ಳಿಯ ಗೋಡೆಯ ವಿದ್ಯೆ ಈಗ ಕಂಪ್ಯೂಟರಿಗೆ, ಅಲ್ಲಿಂದ ಫ್ಲೆಕ್ಸಿಗೆ ಬಂದಿದೆ. ಇದಕ್ಕೆ ಈ ಸೀಮೆಯ ರೈತ ಸಭೆಗಳೇ ಉದಾಹರಣೆ. 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ನವಲಗುಂದ ತಾಲ್ಲೂಕು ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದ ಕಡೆ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ವರ್ಷ ವರ್ಷ ಅದೇ ದಿನ ರೈತರು ನವಲಗುಂದ, ನರಗುಂದದಲ್ಲಿ ಸೇರುತ್ತಾರೆ. ಇಂಥ ಸಭೆಗಳಿಗೆ ಕಟ್ಟುವ ಫ್ಲೆಕ್ಸ್ ನೋಡಿ: ಮೇಲೆ ಮೋಡದ ನಡುವೆ ಸತ್ತವರು, ನಡುವೆ ಆಳೆತ್ತರದ ಮುಖಂಡರು, ಕೆಳಗೆ ಊರ ಹುಡುಗರ ಸಾಲು ಸಾಲು ಪಾಸ್‌ಪೋರ್ಟ್ ಮುಖ. ಅವಸರದಲ್ಲಿ ಕತ್ತರಿಸಿದ್ದರಿಂದ ಒಬ್ಬನ ಕಿವಿ ಪಕ್ಕದವನ ಅಂಗಿಯೊಳಗೆ ಸೇರಿಕೊಂಡಿರುತ್ತದೆ.