ಮೂರು ಸಾವಿರ ಜನರ ಊರು, ಮೂವತ್ತು ಸಾವಿರ ಜನರ ಮೈದಾನ

ಫುಟ್ಬಾಲ್ ಎಂದರೆ ಕಾಸರಗೋಡಿನ ಕಡೆಯವರಿಗೆ ಹೊಸದಾಗಿ ಪರಿಚಯಿಸಬೇಕಾದ ಆಟವಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಬಿದಿರಿನ ಗೋಲುಕಂಬ ನೆಟ್ಟು ಆಡುವ ಮಕ್ಕಳಿಂದ ಹಿಡಿದು, ರಾತ್ರಿ ದೀಪದ ಬೆಳಕಿನಲ್ಲಿ ನಡೆಯುವ ಸೆವೆನ್ಸ್ ಪಂದ್ಯಗಳಿಗೆ ಮುಗಿಬೀಳುವ ಹಿರಿಯರವರೆಗೆ ಎಲ್ಲರಿಗೂ ಅದರ ಹುಚ್ಚು ಇದ್ದೇ ಇದೆ. ಊರಿಗೊಂದು ಕ್ಲಬ್ಬು, ಕ್ಲಬ್ಬಿಗೊಂದು ಬ್ಯಾನರು, ವರ್ಷಕ್ಕೊಮ್ಮೆ ಚಂದಾ ಎತ್ತುವ ಪುಸ್ತಕ. ಅಂಥದೇ ಒಂದು ಹಳ್ಳಿಯ ಕ್ಲಬ್ಬು ತನ್ನ ದೇಶದ ಅತ್ಯುನ್ನತ ದರ್ಜೆಗೆ ಏರಿ, ಮಹಾನಗರಗಳ ತಂಡಗಳ ಜೊತೆ ಸರಿಸಮನಾಗಿ ನಿಂತಿತು ಎಂದರೆ ನಂಬುವುದು ಕಷ್ಟ. ಆದರೆ ಜರ್ಮನಿಯ ಹೋಫನ್‌ಹೈಮ್ ಎಂಬ ಊರಿನಲ್ಲಿ ಹೀಗೆ ನಡೆದಿದೆ. ಆ ಕ್ಲಬ್ಬಿನ ಚರಿತ್ರೆಯನ್ನು ತಿಳಿಯುವುದು ಆಟದ ಆಸಕ್ತರಿಗೆ ಮಾತ್ರವಲ್ಲ, ಹತ್ತು ಜನ ಸೇರಿ ಒಂದು ಸಂಸ್ಥೆಯನ್ನು ನಡೆಸುವ ಎಲ್ಲರಿಗೂ ಉಪಯುಕ್ತ.

ಹೋಫನ್‌ಹೈಮ್ ಇರುವುದು ಜರ್ಮನಿಯ ನೈಋತ್ಯ ಭಾಗದ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ. ಪ್ರಸಿದ್ಧ ವಿದ್ಯಾಕೇಂದ್ರವಾದ ಹೈಡೆಲ್‌ಬರ್ಗ್ ನಗರಕ್ಕೆ ಹತ್ತಿರದಲ್ಲೇ, ಎಲ್ಸೆನ್ಸ್ ಎಂಬ ಸಣ್ಣ ಹೊಳೆಯ ಬದಿಯಲ್ಲಿ, ಹೊಲಗಳೂ ದಿಣ್ಣೆಗಳೂ ಕೂಡಿದ ನೆಲ. ಜನಸಂಖ್ಯೆ ಮೂರು ಸಾವಿರಕ್ಕೆ ಸ್ವಲ್ಪ ಹೆಚ್ಚು. ಆಡಳಿತದ ಲೆಕ್ಕದಲ್ಲಿ ಈಗ ಅದು ಪಕ್ಕದ ಸಿನ್ಸ್‌ಹೈಮ್ ಪಟ್ಟಣಕ್ಕೆ ಸೇರಿದೆ.

ಇಲ್ಲಿ 1899ರ ಜುಲೈ ತಿಂಗಳಲ್ಲಿ ಊರಿನವರು ಕಟ್ಟಿಕೊಂಡದ್ದು ಫುಟ್ಬಾಲ್ ಕ್ಲಬ್ಬನ್ನಲ್ಲ, ಅಂಗಸಾಧನೆಯ ಸಂಘವನ್ನು. ಆ ಕಾಲದ ಜರ್ಮನಿಯ ಹಳ್ಳಿಗಳಲ್ಲಿ ಇಂಥ ವ್ಯಾಯಾಮ ಸಂಘಗಳು ಸಾಮಾನ್ಯವಾಗಿದ್ದವು. ಫುಟ್ಬಾಲಿಗಾಗಿ ಇನ್ನೊಂದು ಸಂಘ ಹುಟ್ಟಿದ್ದು 1921ರಲ್ಲಿ. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಇವೆರಡೂ ಒಂದಾಗಿ ವ್ಯಾಯಾಮ ಮತ್ತು ಕ್ರೀಡಾ ಸಂಘ ಎಂಬ ಅರ್ಥದ ಹೆಸರನ್ನು ಪಡೆದುಕೊಂಡವು. ಅದರ ಸಂಕ್ಷಿಪ್ತ ರೂಪವೇ ಟಿ.ಎಸ್.ಜಿ. ಹೋಫನ್‌ಹೈಮ್.

ಜರ್ಮನಿಯಲ್ಲಿ ಫುಟ್ಬಾಲ್ ತಂಡಗಳ ವ್ಯವಸ್ಥೆ ಏಣಿಯ ಮೆಟ್ಟಿಲುಗಳ ಹಾಗೆ ಇದೆ. ತುತ್ತತುದಿಯಲ್ಲಿ ಬುಂಡೆಸ್‌ಲೀಗಾ, ಅದರ ಕೆಳಗೆ ಎರಡನೆಯದು, ಹೀಗೆ ಇಳಿಯುತ್ತಾ ಹೋಗಿ ತಾಲೂಕು ಹೋಬಳಿಗಳ ಮಟ್ಟದ ಪಂದ್ಯಗಳವರೆಗೆ. ವರ್ಷದ ಕೊನೆಗೆ ಮುಂದೆ ನಿಂತ ತಂಡಗಳು ಒಂದು ಮೆಟ್ಟಿಲು ಮೇಲಕ್ಕೆ, ಹಿಂದುಳಿದವು ಒಂದು ಮೆಟ್ಟಿಲು ಕೆಳಕ್ಕೆ. ಎಷ್ಟೇ ಸಣ್ಣ ಊರಿನ ತಂಡವಾದರೂ ಗೆಲ್ಲುತ್ತಾ ಹೋದರೆ ಮೇಲೇರಲು ನಿಯಮದ ಅಡ್ಡಿಯಿಲ್ಲ. ಅಡ್ಡಿ ಬರುವುದು ಹಣದ್ದು. 1990ರ ಸುಮಾರಿಗೆ ಹೋಫನ್‌ಹೈಮ್ ತಂಡ ಆಡುತ್ತಿದ್ದುದು ಎಂಟನೇ ಮೆಟ್ಟಿಲಿನಲ್ಲಿ. ಸುತ್ತಲಿನ ಹಳ್ಳಿಗಳ ತಂಡಗಳೇ ಎದುರಾಳಿಗಳು, ಊರಿನವರೇ ಪ್ರೇಕ್ಷಕರು.

ಆಗ ಆ ಕ್ಲಬ್ಬಿನ ಕಡೆಗೆ ಮರಳಿ ನೋಡಿದವರು ಡೀಟ್ಮಾರ್ ಹೋಪ್. 1940ರಲ್ಲಿ ಜನಿಸಿದ ಅವರು ಬೆಳೆದದ್ದು ಹೋಫನ್‌ಹೈಮ್‌ನಲ್ಲೇ. ಹುಡುಗನಾಗಿದ್ದಾಗ ಇದೇ ಕ್ಲಬ್ಬಿನ ಅಂಗಿ ತೊಟ್ಟು ಆಡಿದವರು. ಇಂಜಿನಿಯರಿಂಗ್ ಓದಿ, ಐ.ಬಿ.ಎಂ. ಕಂಪನಿಯಲ್ಲಿ ದುಡಿದು, 1972ರಲ್ಲಿ ನಾಲ್ವರು ಸಹೋದ್ಯೋಗಿಗಳ ಜೊತೆಗೂಡಿ ಎಸ್.ಎ.ಪಿ. ಎಂಬ ಸಂಸ್ಥೆಯನ್ನು ಆರಂಭಿಸಿದರು. ವ್ಯಾಪಾರ ಸಂಸ್ಥೆಗಳ ದಾಸ್ತಾನು, ಖರೀದಿ, ಮಾರಾಟ, ಸಂಬಳದ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಒಂದೇ ಕಡೆ ಇಡುವ ತಂತ್ರಾಂಶವನ್ನು ರೂಪಿಸಿ ಈ ಸಂಸ್ಥೆ ಜಗದ್ವಿಖ್ಯಾತವಾಯಿತು. ಬೆಂಗಳೂರಿನಲ್ಲಿಯೂ 1998ರಿಂದ ಅದರ ದೊಡ್ಡ ಕೇಂದ್ರವಿದ್ದು, ಕನ್ನಡದ ಮನೆಗಳ ಎಷ್ಟೋ ಮಕ್ಕಳು ಅಲ್ಲಿ ಉದ್ಯೋಗದಲ್ಲಿದ್ದಾರೆ. ಹೀಗೆ ಅಂಗಡಿ ಲೆಕ್ಕವನ್ನು ಯಂತ್ರಕ್ಕೆ ಕಲಿಸಿ ಕೋಟ್ಯಧಿಪತಿಯಾದ ವ್ಯಕ್ತಿ, ತಾನು ಚೆಂಡು ಒದ್ದ ಮೈದಾನವನ್ನು ಮರೆಯಲಿಲ್ಲ.

ಹೋಪ್ ಅವರ ನೆರವು ದೊರೆತ ಮೇಲೆ ಕ್ಲಬ್ಬು ಒಂದೊಂದೇ ಮೆಟ್ಟಿಲು ಏರತೊಡಗಿತು. 1996ರ ಹೊತ್ತಿಗೆ ಐದನೇ ದರ್ಜೆ. 1999ರಲ್ಲಿ ಊರಿನಲ್ಲೇ ಹೊಸ ಕ್ರೀಡಾಂಗಣ ಸಿದ್ಧವಾಯಿತು, ಅದಕ್ಕೆ ದಾನಿಯ ಹೆಸರನ್ನೇ ಇಡಲಾಯಿತು. 2000ದಲ್ಲಿ ಹಾನ್ಸಿ ಫ್ಲಿಕ್ ಎಂಬ ಯುವ ತರಬೇತುದಾರರು ಬಂದರು. ಮರುವರ್ಷವೇ ತಂಡ ಮೂರನೇ ದರ್ಜೆಗೆ ಏರಿತು. ಇದೇ ಫ್ಲಿಕ್ ಮುಂದೆ ಬಯರ್ನ್ ಮ್ಯೂನಿಕ್ ತಂಡಕ್ಕೆ 2020ರಲ್ಲಿ ಯುರೋಪಿನ ಚಾಂಪಿಯನ್ ಪಟ್ಟ ತಂದುಕೊಟ್ಟವರು. 2003-04ರ ಜರ್ಮನ್ ಕಪ್ ಪಂದ್ಯಾವಳಿಯಲ್ಲಿ ಈ ಮೂರನೇ ದರ್ಜೆಯ ಹಳ್ಳಿ ತಂಡ ಬುಂಡೆಸ್‌ಲೀಗಾದ ಲೆವರ್‌ಕುಸೆನ್ ತಂಡವನ್ನು 3-2ರಿಂದ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದಾಗ, ಹೋಫನ್‌ಹೈಮ್ ಎಲ್ಲಿದೆ ಎಂದು ಜರ್ಮನಿಯವರೇ ನಕಾಶೆಯಲ್ಲಿ ಹುಡುಕುವಂತಾಯಿತು.

2005ರಲ್ಲಿ ಕ್ಲಬ್ಬಿಗೆ ಒಂದು ಗಂಡಾಂತರ ಒದಗಿತು. ಇಷ್ಟು ಸಣ್ಣ ಊರಿನಿಂದ ಇನ್ನೂ ಮೇಲಕ್ಕೇರುವುದು ಅಸಾಧ್ಯ ಎಂಬ ಯೋಚನೆಯಿಂದ, ನೆರೆಯ ವಾಲ್‌ಡೋರ್ಫ್ ಮತ್ತು ಜಾಂಡ್‌ಹೌಸೆನ್ ಕ್ಲಬ್ಬುಗಳೊಡನೆ ಇದನ್ನು ವಿಲೀನಗೊಳಿಸಿ, ಹೈಡೆಲ್‌ಬರ್ಗ್ ನಗರದ ಹೆಸರಿನಲ್ಲಿ ಒಂದೇ ದೊಡ್ಡ ಕ್ಲಬ್ಬು ಮಾಡುವ ಮಾತುಕತೆ ನಡೆಯಿತು. ಅದು ಕೈಗೂಡಿದ್ದರೆ ಹೋಫನ್‌ಹೈಮ್ ಎಂಬ ಹೆಸರು ದೊಡ್ಡ ಆಟದ ಪಟ್ಟಿಯಲ್ಲಿ ಎಂದೂ ಬರುತ್ತಿರಲಿಲ್ಲ. ಆದರೆ ಉಳಿದ ಎರಡು ಕ್ಲಬ್ಬುಗಳು ಒಪ್ಪಲಿಲ್ಲ. ಕ್ರೀಡಾಂಗಣ ಎಲ್ಲಿ ಕಟ್ಟಬೇಕೆಂಬ ಜಾಗದ ತಕರಾರೂ ಬಗೆಹರಿಯಲಿಲ್ಲ. ಯೋಜನೆ ಬಿದ್ದುಹೋಯಿತು, ಊರಿನ ಹೆಸರು ಉಳಿಯಿತು.

ಮರುವರ್ಷ, 2006ರಲ್ಲಿ, ಹೋಪ್ ಅವರು ಹಣದ ಜೊತೆಗೆ ಜ್ಞಾನವನ್ನೂ ಕೂಡಿಸಿದರು. ಬುಂಡೆಸ್‌ಲೀಗಾದಲ್ಲಿ ಹೆಸರು ಮಾಡಿದ್ದ ರಾಲ್ಫ್ ರಾಂಗ್ನಿಕ್ ಎಂಬ ತರಬೇತುದಾರರು ಮೂರನೇ ದರ್ಜೆಯ ಈ ತಂಡಕ್ಕೆ ಬರಲು ಒಪ್ಪಿದರು. ಜರ್ಮನಿಯ ಹಾಕಿ ತಂಡಕ್ಕೆ 2002 ಮತ್ತು 2006ರ ವಿಶ್ವಕಪ್ ಗೆದ್ದುಕೊಟ್ಟ ಬರ್ನ್‌ಹಾರ್ಡ್ ಪೀಟರ್ಸ್ ಅವರನ್ನೂ ಎಳೆಯರ ತರಬೇತಿಯ ಹೊಣೆ ನೀಡಿ ಕರೆತರಲಾಯಿತು. ಹಾಕಿಯವನಿಗೆ ಫುಟ್ಬಾಲಿನಲ್ಲಿ ಏನು ಕೆಲಸ ಎಂದು ನಕ್ಕವರೂ ಇದ್ದರು. ಆದರೆ 2007ರಲ್ಲಿ ತಂಡ ಎರಡನೇ ದರ್ಜೆಗೆ ಏರಿತು. 2008ರ ಮೇ 18ರಂದು ಗ್ರೊಯ್ಟರ್ ಫ್ಯೂರ್ತ್ ತಂಡವನ್ನು 5-0ರಿಂದ ಮಣಿಸಿ ಬುಂಡೆಸ್‌ಲೀಗಾದ ಬಾಗಿಲು ತಟ್ಟಿತು. ಎಂಟನೇ ಮೆಟ್ಟಿಲಿನಿಂದ ಮೊದಲನೆಯದಕ್ಕೆ ಏರಲು ತಗಲಿದ್ದು ಎರಡು ದಶಕಗಳಿಗೂ ಕಡಿಮೆ ಕಾಲ.

ಊರಿನ ಮೈದಾನ ಸಾಲದೆ, ಸಿನ್ಸ್‌ಹೈಮ್‌ನಲ್ಲಿ ಹೆದ್ದಾರಿಯ ಪಕ್ಕ 30,150 ಜನ ಹಿಡಿಯುವ ಹೊಸ ಕ್ರೀಡಾಂಗಣ ಏಳುತ್ತಿತ್ತು. ಅದು ಮುಗಿಯುವವರೆಗೆ ತಂಡ ಮಾನ್‌ಹೈಮ್ ನಗರದಲ್ಲಿ ಆಡಿತು. ಅಚ್ಚರಿಯೆಂದರೆ, 2008ರ ಕೊನೆಗೆ ಅರ್ಧ ಪಂದ್ಯಗಳು ಮುಗಿದಾಗ ಪಟ್ಟಿಯ ಮೊದಲ ಸ್ಥಾನದಲ್ಲಿದ್ದುದು ಈ ಹೊಸಬರೇ! 17 ಪಂದ್ಯಗಳಲ್ಲಿ 35 ಅಂಕ. ಬೋಸ್ನಿಯಾದ ಆಟಗಾರ ವೇದಾದ್ ಇಬಿಶೆವಿಚ್ ಒಬ್ಬರೇ 18 ಗೋಲು ಹೊಡೆದಿದ್ದರು. ಆದರೆ 2009ರ ಜನವರಿಯಲ್ಲಿ, ಹೊಸ ಕ್ರೀಡಾಂಗಣ ತೆರೆದ ತಿಂಗಳಲ್ಲೇ, ಅವರ ಮೊಣಕಾಲಿನ ಕಟ್ಟು ಹರಿದು ಆ ಋತುವಿನ ಉಳಿದ ಪಂದ್ಯಗಳಲ್ಲಿ ಆಡದಂತಾಯಿತು. ತಂಡ ಕೊನೆಗೆ ಏಳನೇ ಸ್ಥಾನಕ್ಕೆ ಇಳಿಯಿತು. ಆದರೂ ತನ್ನ ಊರಿನ ಜನಸಂಖ್ಯೆಯ ಒಂಬತ್ತು ಪಟ್ಟು ಜನ ಕೂರುವ ಅಂಗಣ ಯಾವ ಹಳ್ಳಿಯ ಕ್ಲಬ್ಬಿಗಿದೆ?

ಏರಿದ ಮೇಲೆ ನಿಲ್ಲುವುದು ಏರುವುದಕ್ಕಿಂತ ಕಷ್ಟ. 2011ರ ಹೊಸವರ್ಷದಲ್ಲಿ ಲೂಯಿಜ್ ಗುಸ್ತಾವೊ ಎಂಬ ಮುಖ್ಯ ಆಟಗಾರನನ್ನು ಬಯರ್ನ್ ತಂಡಕ್ಕೆ ಮಾರಿದ ವಿಷಯದಲ್ಲಿ ಅಸಮಾಧಾನಗೊಂಡು ರಾಂಗ್ನಿಕ್ ಹೊರನಡೆದರು. ಅನಂತರ ತರಬೇತುದಾರರು ಬಂದು ಹೋಗುತ್ತಲೇ ಇದ್ದರು. 2013ರ ಮೇ 18ರಂದು, ಕೊನೆಯ ಪಂದ್ಯದ ದಿನ, ತಂಡ ಕೆಳಕ್ಕೆ ಬೀಳುವುದು ಖಚಿತ ಎಂದೇ ಎಲ್ಲರೂ ತಿಳಿದಿದ್ದರು. ಬಲಿಷ್ಠ ಡಾರ್ಟ್‌ಮುಂಡ್ ತಂಡದ ಎದುರು ಒಂದು ಗೋಲಿನಿಂದ ಹಿಂದಿದ್ದು, ಕೊನೆಯ ಗಳಿಗೆಯಲ್ಲಿ ಎರಡು ಪೆನಾಲ್ಟಿಗಳಿಂದ 2-1 ಆಗಿ ಗೆದ್ದು, ಮುಂದೆ ಕೈಸರ್‌ಸ್ಲೌಟರ್ನ್ ತಂಡದ ಮೇಲಿನ ಎರಡು ನಿರ್ಣಾಯಕ ಪಂದ್ಯಗಳನ್ನೂ ಗೆದ್ದು ಸ್ಥಾನ ಉಳಿಸಿಕೊಂಡಿತು.

ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಇದೆ. ದಾನಿಯ ಹಣವನ್ನೇ ನಂಬಿ ಕುಳಿತಿದ್ದರೆ ಈ ಕ್ಲಬ್ಬಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗದಂತೆ ಕಾಪಾಡಿದ್ದು ಎಳೆಯರಿಗಾಗಿ ನಡೆಸಿದ ತರಬೇತಿ ಶಾಲೆ. ಸುತ್ತಲಿನ ಹಳ್ಳಿ ಪಟ್ಟಣಗಳ ಹುಡುಗರನ್ನು ಆರಿಸಿ, ಓದಿನ ಜೊತೆಗೆ ಆಟ ಕಲಿಸುವ ಏರ್ಪಾಡು ಅದು. ಅಲ್ಲಿ ಬೆಳೆದ ನಿಕ್ಲಾಸ್ ಸ್ಯೂಲೆ 2017ರಲ್ಲಿ ಬಯರ್ನ್ ಸೇರಿದರು. ಬ್ರೆಜಿಲಿನಿಂದ ಎಳೆಯ ವಯಸ್ಸಿನಲ್ಲಿ ಕರೆತಂದು ತಿದ್ದಿದ ರಾಬರ್ಟೊ ಫಿರ್ಮಿನೊ 2015ರಲ್ಲಿ ದೊಡ್ಡ ಮೊತ್ತಕ್ಕೆ ಇಂಗ್ಲೆಂಡಿನ ಲಿವರ್‌ಪೂಲ್ ಪಾಲಾದರು. ಹೀಗೆ ಬಂದ ಹಣವೇ ಮುಂದಿನ ಬಂಡವಾಳ. 2014ರಲ್ಲಿ ಕ್ಲಬ್ಬಿನ 19 ವರ್ಷದೊಳಗಿನವರ ತಂಡ ಜರ್ಮನ್ ಚಾಂಪಿಯನ್ ಆಯಿತು. ಆ ಹುಡುಗರನ್ನು ತಯಾರು ಮಾಡಿದ ಯೂಲಿಯಾನ್ ನಾಗಲ್ಸ್‌ಮನ್ ಅವರಿಗೆ 2016ರ ಫೆಬ್ರವರಿಯಲ್ಲಿ, ತಂಡ ಮತ್ತೆ ಬೀಳುವ ಸ್ಥಿತಿಯಲ್ಲಿದ್ದಾಗ, ಹಿರಿಯರ ತಂಡವನ್ನೇ ಒಪ್ಪಿಸಲಾಯಿತು. ಆಗ ಅವರ ವಯಸ್ಸು 28. ತಂಡದಲ್ಲಿ ಅವರಿಗಿಂತ ಹಿರಿಯ ಆಟಗಾರರಿದ್ದರು! ತಂಡ ಉಳಿಯಿತು, ಮರುವರ್ಷ ನಾಲ್ಕನೇ ಸ್ಥಾನ, 2018ರಲ್ಲಿ ಮೂರನೇ ಸ್ಥಾನ. ಆ ವರ್ಷ ಹೋಫನ್‌ಹೈಮ್ ಹೆಸರು ಯುರೋಪಿನ ಚಾಂಪಿಯನ್ಸ್ ಲೀಗ್ ಪಟ್ಟಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯ ಪಕ್ಕದಲ್ಲಿ ಅಚ್ಚಾಯಿತು. ಮಹಿಳೆಯರ ತಂಡವೂ ಹಿಂದುಳಿಯದೆ 2013ರಲ್ಲಿ ತನ್ನ ವಿಭಾಗದ ಅಗ್ರ ದರ್ಜೆಗೆ ಏರಿ, ಊರಿನ ಹಳೆಯ ಕ್ರೀಡಾಂಗಣದಲ್ಲಿ ಆಡುತ್ತಾ ಬಂತು.

ಇಷ್ಟೆಲ್ಲ ಆದರೂ ಜರ್ಮನಿಯ ಎಲ್ಲರೂ ಈ ಏಳಿಗೆಯನ್ನು ಮೆಚ್ಚಲಿಲ್ಲ. ಅದಕ್ಕೆ ಕಾರಣವಿದೆ. ಅಲ್ಲಿ ಕ್ಲಬ್ಬು ಎಂದರೆ ಸದಸ್ಯರ ಸೊತ್ತು. ವೃತ್ತಿಪರ ತಂಡಗಳು ಕಂಪನಿಗಳಾಗಲು 1998ರಲ್ಲಿ ಅವಕಾಶ ಕೊಟ್ಟಾಗ ಒಂದು ಕಟ್ಟುಪಾಡನ್ನೂ ಮಾಡಿದರು. ಯಾರು ಎಷ್ಟೇ ಹಣ ಹಾಕಲಿ, ಮತದ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ಐವತ್ತಕ್ಕೆ ಒಂದು ಹೆಚ್ಚು ಎಂಬುದು ಆ ನಿಯಮದ ಹೆಸರು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಎಡೆಬಿಡದೆ ಪೋಷಿಸಿದವರಿಗೆ ಮಾತ್ರ ವಿನಾಯಿತಿ. 2015ರಲ್ಲಿ ಹೋಪ್ ಅವರಿಗೆ ಆ ವಿನಾಯಿತಿ ದೊರೆತು, ಬಹುಮತ ಅವರ ಕೈಗೆ ಬಂತು.

ಬಹಳ ವರ್ಷ ಚಂದಾ ಕಟ್ಟಿ ಬೆಳೆಸಿದ ಹಳೆಯ ಕ್ಲಬ್ಬುಗಳ ಅಭಿಮಾನಿಗಳಿಗೆ ಇದು ನುಂಗಲಾರದ ತುತ್ತು. ಒಬ್ಬ ಶ್ರೀಮಂತ ಇಷ್ಟಪಟ್ಟರೆ ಕ್ಲಬ್ಬು ಏರುತ್ತದೆ, ಬೇಸತ್ತರೆ ಮುಳುಗುತ್ತದೆ. ಹಾಗಾದರೆ ಸದಸ್ಯರಿಗೆ ಏನು ಬೆಲೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಳಿದ ರೀತಿ ಎಲ್ಲ ಸಲವೂ ನ್ಯಾಯವಾಗಿರಲಿಲ್ಲ. ಎದುರಾಳಿ ತಂಡಗಳ ಕೆಲವರು ವರ್ಷಗಟ್ಟಲೆ ಹೋಪ್ ಅವರನ್ನು ಹೊಲಸು ಮಾತುಗಳಲ್ಲಿ ನಿಂದಿಸಿದರು. 2011ರಲ್ಲಿ ಕ್ಲಬ್ಬಿನ ನೌಕರನೊಬ್ಬ ಆ ಕೂಗು ಕೇಳಿಸದಿರಲೆಂದು ಕರ್ಕಶ ಶಬ್ದದ ಯಂತ್ರವಿಟ್ಟು, ಅದೇ ಇನ್ನೊಂದು ರಗಳೆಯಾಯಿತು. 2020ರ ಫೆಬ್ರವರಿ 29ರಂದು ಸಿನ್ಸ್‌ಹೈಮ್‌ನಲ್ಲಿ ಬಯರ್ನ್ ತಂಡ 6-0 ಮುಂದಿದ್ದಾಗ, ಅದರ ಅಭಿಮಾನಿಗಳು ನಿಂದನೆಯ ಬ್ಯಾನರುಗಳನ್ನು ಎತ್ತಿದರು. ರೆಫ್ರಿ ಎರಡು ಸಲ ಆಟ ನಿಲ್ಲಿಸಿದರು. ಕೊನೆಯ ಹದಿಮೂರು ನಿಮಿಷ ಎರಡೂ ತಂಡದ ಆಟಗಾರರು ಗೋಲಿನ ಕಡೆ ನೋಡದೆ, ಚೆಂಡನ್ನು ಪರಸ್ಪರ ಒಬ್ಬರಿಗೊಬ್ಬರು ದಾಟಿಸುತ್ತಾ ಕಾಲ ಕಳೆದು ಪ್ರತಿಭಟಿಸಿದರು.

ಈ ವಿವಾದಕ್ಕೆ ತೆರೆ ಎಳೆದವರು ಹೋಪ್ ಅವರೇ. 2023ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ತಮ್ಮ ಕೈಯಲ್ಲಿದ್ದ ಮತದ ಬಹುಮತವನ್ನು ಯಾವ ಪ್ರತಿಫಲವನ್ನೂ ಪಡೆಯದೆ ಸದಸ್ಯರ ಸಂಘಕ್ಕೆ ಮರಳಿ ಒಪ್ಪಿಸಿದರು. ಹಾಕಿದ್ದು ನೂರಾರು ಮಿಲಿಯ ಯೂರೋ. ಬಿಟ್ಟುಕೊಟ್ಟದ್ದು ಕೊನೆಯ ಮಾತಿನ ಅಧಿಕಾರ. ಬಹುತೇಕ ಕ್ಲಬ್ಬುಗಳಿಗೆ ಇರುವ ನಿಯಮವೇ ಹೋಫನ್‌ಹೈಮ್‌ಗೂ ಅನ್ವಯವಾಯಿತು. 2008ರಲ್ಲಿ ಅಗ್ರ ದರ್ಜೆಗೆ ಏರಿದ ತಂಡ 2025ರವರೆಗಿನ ಹದಿನೇಳು ವರ್ಷಗಳಲ್ಲಿ ಒಮ್ಮೆಯೂ ಕೆಳಗಿಳಿಯಲಿಲ್ಲ.

ದೊಡ್ಡ ಕೈಯ ದಾನಿ ಇಲ್ಲದೆ ಈ ಹಳ್ಳಿಯ ಕ್ಲಬ್ಬು ಎಂಟನೇ ಮೆಟ್ಟಿಲಿನಲ್ಲೇ ಉಳಿಯುತ್ತಿತ್ತು ಎಂಬುದು ನಿಜ. ಆದರೆ ದಾನಿಯೊಬ್ಬರಿಂದಲೇ ಅದು ನಿಂತಿಲ್ಲ ಎಂಬುದೂ ಅಷ್ಟೇ ನಿಜ. 1899ರಲ್ಲಿ ಸಂಘ ಕಟ್ಟಿದ ಊರಿನವರೂ, ಯುದ್ಧ ಮುಗಿದಾಗ ಎರಡು ಸಂಘಗಳನ್ನು ಒಂದು ಮಾಡಿದವರೂ, ಹುಡುಗರಿಗೆ ಆಟ ಕಲಿಸಿದ ಗುರುಗಳೂ ಆ ಕಟ್ಟಡದ ಕಲ್ಲುಗಳೇ. ಕೊಟ್ಟವರನ್ನು ಗೌರವದಿಂದ ನೆನೆಯುವುದು ಸಂಸ್ಥೆಯ ಧರ್ಮ. ಕೊಟ್ಟ ಮೇಲೆ ಅದು ಎಲ್ಲರದು ಎಂದು ತಿಳಿಯುವುದು ದಾನಿಯ ದೊಡ್ಡತನ. ಸಂಸ್ಥೆ ಯಾವುದೇ ಇರಲಿ, ಈ ಎರಡೂ ಕೂಡಿದ ಕಡೆ ಅದು ಕಟ್ಟಿದವರ ಕಾಲಾನಂತರವೂ ಬಾಳುತ್ತದೆ. ಹೋಫನ್‌ಹೈಮ್ ಎಂಬ ಪುಟ್ಟ ಊರು ಬಹಳ ವರ್ಷ ಜಗಳವಾಡಿ ಕಲಿತ ಪಾಠ ಇದು. ಜಗಳವಿಲ್ಲದೆ ಕಲಿಯುವ ಭಾಗ್ಯ ನಮ್ಮ ಊರುಗಳಿಗೆ ಒದಗಲಿ.