ವಿದ್ಯುಜ್ಜಾಲಕ್ಕೊಂದು ಸ್ವಂತ ವಾಣಿ

ಬೆಂಗಳೂರಿನ ಸುಬ್ರಹ್ಮಣ್ಯಪುರದ 220 ಕಿಲೋವೋಲ್ಟ್ ಸ್ವೀಕರಣ ಕೇಂದ್ರದ ಬೇಲಿಯ ಒಳಗೂ ಹೊರಗೂ ಹರಿಯುವುದು ಒಂದೇ ವಿದ್ಯುತ್ತಾದರೂ, ಅದರ ಕ್ಷೇಮಸಮಾಚಾರವನ್ನು ಒಯ್ಯುವ ಮಾರ್ಗಗಳು ಎರಡು ಬಗೆಯವು: ಒಳಗಿನದು ರಾಜ್ಯದ ವಿದ್ಯುತ್ ಪ್ರಸರಣ ನಿಗಮದ ಸ್ವಂತದ್ದು, ಉತ್ತರಹಳ್ಳಿ, ಬನಶಂಕರಿ, ಜೆ.ಪಿ. ನಗರಗಳ ಬೀದಿಗಳಲ್ಲಿ ಚದರಿದ್ದು ಬಹುಮಟ್ಟಿಗೆ ಎರವಲು. ಈ ಭೇದದ ಮೂಲವನ್ನು ಅರಿಯಬೇಕಾದರೆ ತುಸು ಹಿಂದಕ್ಕೆ ಸರಿಯಬೇಕು.

1902ರಲ್ಲಿ ಶಿವನಸಮುದ್ರದ ಜಲಶಕ್ತಿಯು 92 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿ, 1905ರಲ್ಲಿ ಬೆಂಗಳೂರನ್ನು ಬೆಳಗಿದಂದಿನಿಂದಲೂ, ಉತ್ಪಾದನೆಯ ಸ್ಥಾನವೂ ಬಳಕೆಯ ಸ್ಥಾನವೂ ದೂರವಿದ್ದು ಕ್ಷಣಕ್ಷಣಕ್ಕೂ ಒಂದಕ್ಕೊಂದು ಹೊಂದಬೇಕಾದ ಸಂಕಟ ನಮ್ಮ ಇಂಜಿನಿಯರರಿಗೆ ಚಿರಪರಿಚಿತವಾದುದು. ಅದಕ್ಕೆ ದೊರೆತ ಪರಿಹಾರಗಳಲ್ಲಿ ನನಗೆ ಅತ್ಯಂತ ಸುಂದರವೆಂದು ತೋರುವುದು ಪಿ.ಎಲ್.ಸಿ.ಸಿ. (ಪವರ್ ಲೈನ್ ಕ್ಯಾರಿಯರ್ ಕಮ್ಯುನಿಕೇಷನ್) ಪದ್ಧತಿ: ಸೆಕೆಂಡಿಗೆ 50 ಆವರ್ತಗಳ ವಿದ್ಯುತ್ತು ಹರಿಯುವ ತಂತಿಯಲ್ಲಿಯೇ ಅತ್ಯುನ್ನತ ಆವರ್ತದ ಸಂಕೇತವನ್ನೂ ಹರಿಯಿಸಿ, ಅದು ದಾರಿತಪ್ಪದಂತೆ ವೇವ್‌ಟ್ರ್ಯಾಪ್ ಎಂಬ ಸುರುಳಿಯಿಂದ ತಡೆದು, ಕಪ್ಲಿಂಗ್ ಕೆಪಾಸಿಟರಿನ ಮೂಲಕ ಇಳಿಸಿಕೊಳ್ಳುವ ಈ ಉಪಾಯದಿಂದ, ದೂರದೂರದ ಕೇಂದ್ರಗಳು ಅನ್ಯರ ಹಂಗಿಲ್ಲದೆ ಸಂಭಾಷಿಸಬಲ್ಲವಾದವು. ಆದರೆ ತಂತಿ ಹರಿದಾಗ ವಾಣಿಯೂ ಕುಗ್ಗುವುದು ಇದರ ಸಹಜ ದೋಷ. ಮುಂದೆ ಗೋಪುರಗಳ ಶಿಖರದ ಭೂತಂತಿಯೊಳಗೆ ಗಾಜಿನೆಳೆಗಳು (ಆಪ್ಟಿಕಲ್ ಫೈಬರ್) ಸೇರಿದವು. ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ಉಪಗ್ರಹಾಶ್ರಿತ ವಿಸ್ಯಾಟ್ ಜಾಲವನ್ನು ಹೂಡಿ, ನಾಡಿನ ಸಬ್‌ಸ್ಟೇಷನ್ನುಗಳನ್ನು ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಬೆಸೆಯಿತು. ಸ್ವಂತ ನಿಸ್ತಂತು ಜಾಲವೆಂಬುದು ನಮಗೆ ಹೊಸ ಕಲ್ಪನೆಯೇನೂ ಅಲ್ಲ.

ಸಬ್‌ಸ್ಟೇಷನ್ನಿನ ಆಚೆಗೆ ಮಾತ್ರ ಕಥೆ ನಿಧಾನವಾಗುತ್ತದೆ. ಬೆಂಗಳೂರಿನ ವಿತರಣಾ ಸಂಸ್ಥೆಯಾದ ಬೆಸ್ಕಾಂ ಜಪಾನಿನ ಸಾಲದ ನೆರವಿನಿಂದ ನಗರದ 11 ಕಿಲೋವೋಲ್ಟ್ ಫೀಡರುಗಳ ಸ್ವಿಚ್ಚುಗಳನ್ನು ದೂರದಿಂದ ನಡೆಸುವ ಯೋಜನೆ ಕೈಗೊಂಡಿತು. ಮೈಸೂರಿನ ವಿತರಣಾ ಸಂಸ್ಥೆಯಾದ ಸೆಸ್ಕ್ ಇಪ್ಪತ್ತೊಂದು ಸಾವಿರಕ್ಕೂ ಮಿಕ್ಕ ಗ್ರಾಹಕರನ್ನೊಳಗೊಂಡ ಸ್ಮಾರ್ಟ್ ಗ್ರಿಡ್ ಪ್ರಯೋಗವನ್ನು ನಡೆಸಿತು. ಮೀಟರುಗಳ ಕಿರುಜಾಲಗಳಿಗೆ ಪರವಾನಗಿ ಬೇಡದ 865ರಿಂದ 868 ಮೆಗಾಹರ್ಟ್ಸ್ ತರಂಗಪಟ್ಟಿ ಇದ್ದೇ ಇದೆ. ಆದರೆ ಎಲ್ಲರಿಗೂ ತೆರೆದ ಪಟ್ಟಿಯಲ್ಲಿ ಯಾರಿಗೂ ರಕ್ಷಣೆಯ ಭರವಸೆಯಿಲ್ಲ.

ಮೀಟರಿನ ಲೆಕ್ಕ ಒಂದು ದಿನ ತಡವಾದರೂ ನಡೆದೀತು. ಲೈನ್ ಕ್ಲಿಯರ್, ಅಂದರೆ ತಂತಿಯ ಮೇಲೆ ಕೆಲಸಮಾಡಲು ಕೊಡುವ ಅನುಮತಿ, ತಡವಾಗಬಾರದು, ತಪ್ಪಂತೂ ಆಗಲೇಬಾರದು. ಬಿರುಗಾಳಿಗೆ ಮರವುರುಳಿ ತಂತಿ ಹರಿದ ಸಂಜೆ, ಲೈನ್‌ಮನ್ ಕಂಬವೇರುವ ಮುನ್ನ ಫೀಡರು ಕಡಿತವಾಗಿದೆಯೆಂಬ ಮಾತು ಸಬ್‌ಸ್ಟೇಷನ್ನಿನಿಂದ ಅವನಿಗೆ ತಲಪಬೇಕು. ಕೆಲಸ ಮುಗಿದು ಅವನು ಕೆಳಗಿಳಿದ ಮೇಲೆಯೇ ಲೈನ್ ಕ್ಲಿಯರನ್ನು ಹಿಂದಿರುಗಿಸಿದ ಮಾತು ಅತ್ತ ಮುಟ್ಟಬೇಕು. ಈ ಸಂಭಾಷಣೆ ಇಂದು ಬಹುಮಟ್ಟಿಗೆ ಸಾಮಾನ್ಯ ಮೊಬೈಲಿನಲ್ಲಿ ನಡೆಯುತ್ತದೆ. ಮೊಬೈಲಿನ ಗೋಪುರವೋ ಅದೇ ಫೀಡರಿನ ಆಶ್ರಿತ; ಅದರ ಬ್ಯಾಟರಿ ಕೆಲವು ಗಂಟೆಗಳದು; ಮೇಲಾಗಿ ಕತ್ತಲಾದೊಡನೆ ಬಡಾವಣೆಯ ಜನರೆಲ್ಲ ಏಕಕಾಲದಲ್ಲಿ ಕರೆಮಾಡತೊಡಗುತ್ತಾರೆ. ವಿದ್ಯುತ್ತು ಇಲ್ಲದಾಗಲೇ ಅತ್ಯಗತ್ಯವಾಗುವ ವಾಣಿಯನ್ನು ವಿದ್ಯುತ್ತಿನೊಡನೆಯೇ ಅಡಗುವ ಸಾಧನಕ್ಕೆ ಒಪ್ಪಿಸಿರುವುದು ನನ್ನ ಮನಸ್ಸಿಗೆ ಸಮಾಧಾನ ತರುವುದಿಲ್ಲ.

ಪಾಶ್ಚಾತ್ಯ ದೇಶಗಳ ವಿದ್ಯುತ್ ಸಂಸ್ಥೆಗಳು ಇದನ್ನು ಮನಗಂಡಿವೆ. ಅಮೆರಿಕದ ಸಂವಹನ ಆಯೋಗವು 2020ರಲ್ಲಿ 900 ಮೆಗಾಹರ್ಟ್ಸ್ ಪಟ್ಟಿಯ ಒಂದು ಭಾಗವನ್ನು ವಿದ್ಯುತ್ ಸಂಸ್ಥೆಗಳಂಥವರ ಸ್ವಂತ ಖಾಸಗಿ ಜಾಲಗಳಿಗೆ ಅನುಕೂಲವಾಗುವಂತೆ ಮಾರ್ಪಡಿಸಿತು. ಜರ್ಮನಿಯು 2021ರಲ್ಲಿ 450 ಮೆಗಾಹರ್ಟ್ಸ್ ಪಟ್ಟಿಯನ್ನು ಮುಖ್ಯವಾಗಿ ವಿದ್ಯುತ್, ನೀರು ಮೊದಲಾದ ಮೂಲಸೌಕರ್ಯಗಳಿಗಾಗಿ ನೀಡಿತು. ಆವರ್ತ ತಗ್ಗಿದಷ್ಟೂ ಅಲೆ ದೂರ ಸಾಗುವುದರಿಂದಲೂ, ನೆಲಮಾಳಿಗೆಯ ಮೀಟರನ್ನೂ ಮುಟ್ಟಬಲ್ಲುದರಿಂದಲೂ ಈ ಆಯ್ಕೆ ಯುಕ್ತವಾದುದು. ಭಾರತದಲ್ಲಿ ದೂರಸಂಪರ್ಕ ಇಲಾಖೆಯು ಸ್ವಂತ ಬಳಕೆಯ ಖಾಸಗಿ ಜಾಲಗಳ ಮಾರ್ಗಸೂಚಿಯನ್ನು 2022ರ ಜೂನ್‌ನಲ್ಲಿ ಹೊರಡಿಸಿತು. ಮೊಬೈಲ್ ಕಂಪನಿಗಳಿಂದ ತರಂಗಾಂತರವನ್ನು ಗುತ್ತಿಗೆ ಪಡೆಯುವುದು ಒಂದು ದಾರಿಯಾದರೆ, ಸರ್ಕಾರದಿಂದ ನೇರವಾಗಿ ಪಡೆಯುವುದು ಆ ಕಂಪನಿಗಳ ವಿರೋಧಕ್ಕೆ ಸಿಕ್ಕಿದ ಇನ್ನೊಂದು ದಾರಿ.

ಎರಡನೆಯ ದಾರಿಯನ್ನೇ ನಮ್ಮ ಸಂಸ್ಥೆಗಳು ಹಟಹಿಡಿದು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಗೋಪುರ ನಿಲ್ಲಿಸಲು ನೆಲ, ಬ್ಯಾಟರಿ ಕೋಣೆ, ಅನೇಕ ಕಡೆಗಳಲ್ಲಿ ಗಾಜಿನೆಳೆಯ ಸಂಪರ್ಕ, ಹಗಲಿರುಳೂ ಕಾವಲಿರುವ ಸಿಬ್ಬಂದಿ, ಇವೆಲ್ಲವೂ ಪ್ರಸರಣ ನಿಗಮದ ಸಬ್‌ಸ್ಟೇಷನ್ನುಗಳಲ್ಲಿ ಈಗಾಗಲೇ ಇರುವುದರಿಂದ, ನಿಗಮವೂ ಐದು ವಿತರಣಾ ಕಂಪನಿಗಳೂ ಒಂದೇ ಅರ್ಜಿಯಲ್ಲಿ ಕಿರಿದಾದೊಂದು ತಗ್ಗಿನ ಆವರ್ತದ ಪಟ್ಟಿಯನ್ನು ಬೇಡುವುದು ಯುಕ್ತ; ಅದು ದೊರೆತರೆ, ಅದರ ಮೇಲೆ ಮೊದಲು ಏರಬೇಕಾದುದು ಮೀಟರಿನ ಅಂಕಿಗಳಲ್ಲ, ಲೈನ್ ಕ್ಲಿಯರಿನ ಮಾತು.