ಉಗ್ರಾದಿತ್ಯಾಚಾರ್ಯರ ವೈದ್ಯಧರ್ಮ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ಕೇಳದ ಜೈನ ಮನೆತನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಇರಲಾರದು. ಶ್ರೀಕ್ಷೇತ್ರ ಧರ್ಮಸ್ಥಳವು ಈ ದಾನಗಳಿಂದಲೇ ಪ್ರಸಿದ್ಧವಾದುದು. ಇವುಗಳಲ್ಲಿ ಔಷಧದಾನವು ನಮ್ಮ ಮುಂದೆ ಒಂದು ಕಠಿನ ಪ್ರಶ್ನೆಯನ್ನು ಇರಿಸುತ್ತದೆ. ರೋಗಿಯ ಪ್ರಾಣವನ್ನು ಉಳಿಸುವ ಔಷಧವು ಇನ್ನೊಂದು ಜೀವದ ಪ್ರಾಣಹರಣದಿಂದ ಸಿದ್ಧವಾಗಿದ್ದರೆ ಶ್ರಾವಕನು ಏನು ಮಾಡಬೇಕು? ಒಂಬತ್ತನೆಯ ಶತಮಾನದಲ್ಲಿಯೇ ಈ ಪ್ರಶ್ನೆಯನ್ನು ಎದುರಿಸಿದವರು ಉಗ್ರಾದಿತ್ಯಾಚಾರ್ಯರು.

ಶ್ರೀನಂದಿ ಆಚಾರ್ಯರ ಶಿಷ್ಯರಾದ ಈ ದಿಗಂಬರ ಮುನಿಗಳು ರಾಮಗಿರಿಯಲ್ಲಿದ್ದು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ಇಪ್ಪತ್ತೈದು ಪರಿಚ್ಛೇದಗಳ ಕೊನೆಯಲ್ಲಿ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯಗಳೆಂಬ ಎರಡು ಪರಿಶಿಷ್ಟಗಳಿವೆ. ವೈದ್ಯವಿದ್ಯೆಯನ್ನು ಜೈನಾಗಮವು ಹದಿನಾಲ್ಕು ಪೂರ್ವಗಳಲ್ಲೊಂದಾದ ಪ್ರಾಣಾವಾಯದಲ್ಲಿ ಸೇರಿಸುತ್ತದೆ. ಈ ಪರಂಪರೆಯ ಸಮಂತಭದ್ರ, ಪೂಜ್ಯಪಾದ, ಪಾತ್ರಸ್ವಾಮಿ, ಸಿದ್ಧಸೇನ, ಮೇಘನಾದ ಮೊದಲಾದ ಪೂರ್ವಾಚಾರ್ಯರನ್ನು ಉಗ್ರಾದಿತ್ಯರು ಆದರದಿಂದ ಸ್ಮರಿಸಿದ್ದಾರೆ.

ಚರಕ, ಸುಶ್ರುತ ಸಂಹಿತೆಗಳಲ್ಲಿ ಕ್ಷಯವೇ ಮೊದಲಾದ ವ್ಯಾಧಿಗಳಿಗೆ ಮಾಂಸರಸವು ವಿಹಿತವಾಗಿದೆ. ಅಂದಿನ ವೈದ್ಯರಿಗೆ ಇದು ಸರ್ವಸಮ್ಮತ ವಿಷಯವಾಗಿತ್ತು. ಉಗ್ರಾದಿತ್ಯರು ಮಾಂಸನಿರಾಕರಣವನ್ನು ತಮ್ಮ ಸಂಘದೊಳಗಿನ ಉಪದೇಶಕ್ಕೆ ಸೀಮಿತಗೊಳಿಸಲಿಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ವಿದ್ವಾಂಸರೂ ವೈದ್ಯರೂ ನೆರೆದಿದ್ದ ಸಭೆಯಲ್ಲಿ ಅದನ್ನು ಪ್ರತಿಪಾದಿಸಿದರು. ಆ ಉಪನ್ಯಾಸವೇ ಹಿತಾಹಿತಾಧ್ಯಾಯ.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಹಿಂಸಾಮೂಲವಾದ ಔಷಧ ಬೇಡವೆಂದವರು ರೋಗಿಯನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಒಂದು ಪರಿಶಿಷ್ಟದಲ್ಲಿ ಮಾಂಸವನ್ನು ನಿಷೇಧಿಸಿದವರು ಇಪ್ಪತ್ತೈದು ಪರಿಚ್ಛೇದಗಳಲ್ಲಿ ಚಿಕಿತ್ಸೆಯನ್ನು ತಿಳಿಸಿದರು. ನಿಷೇಧಿಸುವವನ ಮೇಲೆಯೇ ಬದಲಿ ಮಾರ್ಗವನ್ನು ಶೋಧಿಸುವ ಹೊಣೆಯಿದೆ ಎಂಬುದು ಅವರ ಜೀವಿತಕಾರ್ಯದ ಸಾರ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನೂ ಇದೇ ಹಾದಿಯನ್ನು ಹಿಡಿದನು. ಪೂಜ್ಯಪಾದರ ಕೃತಿಯನ್ನು ಅನುಸರಿಸಿ ಅವನು ಬರೆದ 'ಕರ್ಣಾಟಕ ಕಲ್ಯಾಣಕಾರಕ'ದ ಚಿಕಿತ್ಸೆ ಮದ್ಯಮಾಂಸರಹಿತವಾದುದು. ಉಗ್ರಾದಿತ್ಯರ ಗ್ರಂಥವನ್ನು 1940ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದದೊಡನೆ ಬೆಳಕಿಗೆ ತಂದವರು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು.

ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಬಹುಪಾಲು ಕ್ಯಾಪ್ಸೂಲುಗಳ ಕೋಶವು ಪ್ರಾಣಿಜನ್ಯ ಜೆಲಟಿನ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಅನ್ನು ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆ. ಇನ್ಸುಲಿನ್ನನ್ನೂ ಹಿಂದೆ ಹಂದಿ, ದನಗಳ ಮೇದೋಜೀರಕಾಂಗದಿಂದಲೇ ಪಡೆಯುತ್ತಿದ್ದರು. ಸೂಕ್ಷ್ಮಾಣುಜೀವಿಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ 1982ರಲ್ಲಿ ಬಳಕೆಗೆ ಬಂದಿತು. ಸಸ್ಯಜನ್ಯ ಕ್ಯಾಪ್ಸೂಲುಗಳೂ ಈಗ ದೊರೆಯುತ್ತವೆ. ಶೋಧಿಸಿದರೆ ಬದಲಿ ಮಾರ್ಗ ಉಂಟೆಂಬುದಕ್ಕೆ ಇವು ನಿದರ್ಶನ.

ಆದರೆ ಬದಲಿ ಇಲ್ಲದ ಗಳಿಗೆಯಲ್ಲಿ ರೋಗಿಯ ಹಾಸಿಗೆಯ ಬಳಿ ನಿಂತು ವ್ರತದ ಮಾತನ್ನಾಡಿ ಚಿಕಿತ್ಸೆಗೆ ಅಡ್ಡಿಯಾಗುವುದು ಅಹಿಂಸೆಯಲ್ಲ. ರೋಗಿಯ ಸೇವೆಯಾದ ವೈಯಾವೃತ್ತ್ಯವನ್ನು ನಮ್ಮ ಶಾಸ್ತ್ರವು ಅಂತರಂಗ ತಪಸ್ಸುಗಳಲ್ಲಿ ಎಣಿಸಿದೆ. ಔಷಧ ಯಾವುದರಿಂದಾದುದೆಂದು ವೈದ್ಯರನ್ನು ವಿನಯದಿಂದ ಕೇಳುವುದು ಕುಟುಂಬದವರ ಕರ್ತವ್ಯ. ಸತ್ಯವನ್ನು ತಿಳಿಸುವುದು ವೈದ್ಯರ ಧರ್ಮ. ಔಷಧದಾನಕ್ಕೆ ಹಣ ಮೀಸಲಿಡುವ ಬಸದಿಗಳ ಆಡಳಿತದವರು ಅದರಲ್ಲೊಂದು ಪಾಲನ್ನು ಅಹಿಂಸಾಮೂಲ ಔಷಧಗಳ ಶೋಧನೆಗೂ ವಿನಿಯೋಗಿಸಿದರೆ, ಉಗ್ರಾದಿತ್ಯಾಚಾರ್ಯರ ಕಾರ್ಯವು ಮುಂದುವರಿದಂತಾಗುವುದು.